ಪಾಲಿಗ್ರಾಫ್‌ನಲ್ಲಿ ಸೋತು ಕ್ಲಿಯರೆನ್ಸ್ ಕೈತಪ್ಪಿದರೆ: ಅಮೆರಿಕದ ಕನ್ನಡಿಗರಿಗೆ ಮೇಲ್ಮನವಿಯ ಮಾರ್ಗದರ್ಶಿ

ಕ್ಲಿಯರೆನ್ಸ್, ಅಂದರೆ ಸರ್ಕಾರದ ಗೋಪ್ಯ ಮಾಹಿತಿ ನೋಡಲು ಬೇಕಾದ ಅನುಮತಿ, ಕೊಡುವುದಿಲ್ಲ ಎಂಬ ನಿರಾಕರಣೆಯ ಪತ್ರ ಕೈಗೆ ಬಂದ ದಿನ ಹೆಚ್ಚಿನವರು ಮೊದಲು ಹುಡುಕುವುದು, ಪಾಲಿಗ್ರಾಫ್ ಎಂಬ ಸುಳ್ಳು ಪತ್ತೆ ಯಂತ್ರ ಎಷ್ಟು ಬೊಗಳೆ ಎನ್ನುವುದನ್ನು. ಪುರಾವೆಗೇನೂ ಕೊರತೆಯಿಲ್ಲ. 1985ರಿಂದ ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರುತ್ತಿದ್ದ ಸಿಐಎಯ ಆಲ್ಡ್ರಿಚ್ ಏಮ್ಸ್ 1986ರಲ್ಲೂ 1991ರಲ್ಲೂ ಪಾಲಿಗ್ರಾಫ್ ದಾಟಿದ್ದ. ಕ್ಯೂಬಾ ಪರ ಬೇಹುಗಾರಿಕೆ ನಡೆಸುತ್ತಿದ್ದ ಆನಾ ಮೋಂಟೆಸ್ 1994ರಲ್ಲಿ ಸಲೀಸಾಗಿ ಪಾಸಾಗಿದ್ದಳು. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2003ರ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿದೆ: 10,000 ನೌಕರರಲ್ಲಿ 10 ಮಂದಿ ಗೂಢಚಾರರಿದ್ದಾರೆ ಎಂದುಕೊಳ್ಳಿ. ಅವರಲ್ಲಿ ಎಂಟು ಮಂದಿಯನ್ನು ಹಿಡಿಯುವಷ್ಟು ಬಿಗಿಯಾಗಿ ಪರೀಕ್ಷೆ ನಡೆಸಿದರೆ, ಜೊತೆಗೆ ಸುಮಾರು 1,600 ನಿರಪರಾಧಿಗಳೂ ಫೇಲಾಗುತ್ತಾರೆ.

ಇದನ್ನೆಲ್ಲ ಹತ್ತು ಪುಟ ಬರೆದು ಕಳಿಸಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಓದುವವರಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತು. ಜೊತೆಗೆ, ನಿಮ್ಮನ್ನು ನಿರಾಕರಿಸಿದ್ದು ಯಂತ್ರದ ಗೆರೆ ನೋಡಿ ಎಂದು ಪತ್ರದಲ್ಲಿ ಬರೆದಿರುವುದೇ ಅಪರೂಪ. ಕ್ಲಿಯರೆನ್ಸ್ ಯಾರಿಗೆ ಕೊಡಬೇಕು ಎಂದು ತೀರ್ಮಾನಿಸಲು 2017ರ ಜೂನ್ 8ರಿಂದ ಜಾರಿಯಲ್ಲಿರುವ ಸೀಡ್ 4 (SEAD 4) ಎಂಬ ನಿರ್ದೇಶನವೇ ಸ್ಪಷ್ಟವಾಗಿ ಹೇಳಿದೆ: ತೂಗಿ ನೋಡಬೇಕಾದ ಬೇರೆ ಮಾಹಿತಿ ಏನೂ ಇಲ್ಲದಿದ್ದರೆ, ಬರೀ ಪಾಲಿಗ್ರಾಫ್‌ನ ತಾಂತ್ರಿಕ ಫಲಿತಾಂಶವನ್ನೇ ಹಿಡಿದು ಪ್ರತಿಕೂಲ ಕ್ರಮ ಕೈಗೊಳ್ಳುವಂತಿಲ್ಲ. ಹಾಗಾದರೆ ಪತ್ರ ನಿಂತಿರುವುದು ಯಾವುದರ ಮೇಲೆ? ಆ ಕೋಣೆಯಲ್ಲಿ ನೀವು ಬಾಯಿಬಿಟ್ಟು ಹೇಳಿದ ಮಾತುಗಳ ಮೇಲೆ. ಮೇಲ್ಮನವಿ ಎಂದರೆ ಆ ಮಾತುಗಳಿಗೆ ಕೊಡುವ ಉತ್ತರ. ಯಂತ್ರದ ಜೊತೆಗಿನ ಜಗಳವನ್ನು ಪಕ್ಕಕ್ಕಿಟ್ಟರೆ ಅರ್ಧ ಕೆಲಸ ಆದಂತೆ.

ಈ ಬರಹ ಅಮೆರಿಕದ ಪೌರತ್ವ ಪಡೆದು, ಮೇರಿಲ್ಯಾಂಡ್, ವರ್ಜೀನಿಯಾ ಕಡೆ ಗುಪ್ತಚರ ಸಂಸ್ಥೆಗಳಿಗೋ ಅವುಗಳ ಗುತ್ತಿಗೆ ಕಂಪನಿಗಳಿಗೋ ಅರ್ಜಿ ಹಾಕಿದ ನಮ್ಮವರಿಗಾಗಿ. ಗ್ರೀನ್ ಕಾರ್ಡ್‌ನವರಿಗೆ ಕ್ಲಿಯರೆನ್ಸ್ ಕೊಡುವುದಿಲ್ಲ, ಆದ್ದರಿಂದ ಅವರಿಗೆ ಈ ತಾಪತ್ರಯವೂ ಇಲ್ಲ.

ಕೋಣೆಯಲ್ಲಿ ನಡೆದದ್ದೇನು

ಎದೆಗೂ ಹೊಟ್ಟೆಗೂ ಉಸಿರು ಅಳೆಯುವ ಪಟ್ಟಿ, ತೋಳಿಗೆ ಬಿಪಿ ಪಟ್ಟಿ, ಬೆರಳಿಗೆ ಬೆವರು ಅಳೆಯುವ ತಗಡು, ಕುರ್ಚಿಯ ಮೇಲೆ ಅಲುಗಾಟ ಹಿಡಿಯುವ ದಿಂಬು. ಯಂತ್ರದ ಪಾತ್ರ ಅಷ್ಟೇ, ಅದು ಅಳೆಯುವುದು ಗಾಬರಿಯನ್ನು. ನಿಜವಾದ ಕೆಲಸ ನಡೆಯುವುದು ಅದಕ್ಕೆ ಮೊದಲಿನ ಮತ್ತು ನಂತರದ ಸಂಭಾಷಣೆಯಲ್ಲಿ. "ಈ ಪ್ರಶ್ನೆಗೆ ಉತ್ತರಿಸುವಾಗ ನಿಮ್ಮ ಮನಸ್ಸಿನಲ್ಲಿ ಏನೋ ಕೊರೆಯುತ್ತಿದೆ. ಏನದು? ಹೇಳಿಬಿಡಿ, ಹಗುರವಾಗುತ್ತೀರಿ" ಎಂದು ಪರೀಕ್ಷಕರು ಮೃದುವಾಗಿ ಕೇಳುತ್ತಾರೆ. ದೊಡ್ಡವರು ಕೇಳಿದಾಗ ಸುಮ್ಮನಿರಬಾರದು ಎಂದು ಬೆಳೆದವರು ನಾವು. ಏನಾದರೂ ಹೇಳಲೇಬೇಕೆಂದು ಹೇಳುತ್ತೇವೆ. ಹೇಳಿದ್ದೆಲ್ಲ ವರದಿಗೆ ಹೋಗುತ್ತದೆ.

ಊರಿನವರು ಇದನ್ನು ಮಂಪರು ಪರೀಕ್ಷೆಯ ಜೊತೆ ಗಂಟು ಹಾಕುತ್ತಾರೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಯಾರನ್ನೂ ಸುಳ್ಳು ಪತ್ತೆ ಪರೀಕ್ಷೆಗೋ ಮಂಪರು ಪರೀಕ್ಷೆಗೋ ಒಳಪಡಿಸಬಾರದು ಎಂದಿತು. ಆದರೆ ಅದು ಆರೋಪಿಯ ಹಕ್ಕಿನ ಮಾತು. ಇಲ್ಲಿ ನೀವು ಆರೋಪಿಯಲ್ಲ, ಅರ್ಜಿದಾರ. ಒಪ್ಪಿಗೆಗೆ ಸಹಿ ನೀವೇ ಹಾಕಿರುತ್ತೀರಿ. ಹಾಕದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. 1988ರ ಎಂಪ್ಲಾಯೀ ಪಾಲಿಗ್ರಾಫ್ ಪ್ರೊಟೆಕ್ಷನ್ ಕಾಯ್ದೆ ಖಾಸಗಿ ಮಾಲೀಕರ ಕೈ ಕಟ್ಟಿದೆಯೇ ಹೊರತು ಕೇಂದ್ರ ಸರ್ಕಾರದ ಕೈಯನ್ನಲ್ಲ.

ಹೆಜ್ಜೆ 1: ಅದೇ ರಾತ್ರಿ ಬರೆದಿಡಿ

ಪರೀಕ್ಷೆ ಕೆಟ್ಟಿತು ಅನ್ನಿಸಿದ ದಿನವೇ ಕೂತು ನೆನಪಿದ್ದಷ್ಟನ್ನೂ ಬರೆಯಿರಿ. ಎಷ್ಟು ಗಂಟೆಗೆ ಒಳಗೆ ಹೋದಿರಿ, ಎಷ್ಟಕ್ಕೆ ಹೊರಬಂದಿರಿ, ಯಾವ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು, ನೀವು ಯಾವ ಪದ ಬಳಸಿದಿರಿ, ನಿದ್ದೆಗೆಟ್ಟಿದ್ದಿರಾ, ಜ್ವರವಿತ್ತಾ, ಯಾವ ಮಾತ್ರೆ ನುಂಗಿದ್ದಿರಿ. ಪತ್ರ ಬರುವುದಕ್ಕೆ ತಿಂಗಳುಗಳು ಹಿಡಿಯಬಹುದು. ಅಷ್ಟರಲ್ಲಿ ನೀವು ಹೇಳಿದ್ದು ಯಾವುದು, ಹೇಳಬೇಕಿತ್ತು ಅಂದುಕೊಂಡದ್ದು ಯಾವುದು ಎನ್ನುವುದು ಕಲಸಿಹೋಗಿರುತ್ತದೆ. ಈಗಾಗಲೇ ಗೋಪ್ಯ ಕೆಲಸದಲ್ಲಿರುವವರು ಮಾತ್ರ ಆ ಟಿಪ್ಪಣಿಯಲ್ಲಿ ಕೆಲಸದ ವಿವರ ಒಂದಕ್ಷರವೂ ಬರೆಯಬಾರದು. ಬರೆದದ್ದನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಭಾವಮೈದುನನಿಗೂ ಕಳಿಸಬೇಡಿ. ಅದು ನಿಮಗೆ ಮತ್ತು ನಿಮ್ಮ ವಕೀಲರಿಗೆ.

ಹೆಜ್ಜೆ 2: ಪತ್ರ ಯಾವ ಬಗೆಯದು ನೋಡಿ

ಬಹಳ ಜನ ಎಡವುವುದು ಇಲ್ಲಿ. ನೋಡುವುದಕ್ಕೆ ಎಲ್ಲವೂ "ಇಲ್ಲ" ಎನ್ನುವ ಪತ್ರಗಳೇ, ಆದರೆ ಅವುಗಳ ಹಿಂದಿರುವ ಹಕ್ಕುಗಳು ಬೇರೆ ಬೇರೆ.

"ನಿಮ್ಮ ಅರ್ಜಿಯನ್ನು ಮುಂದುವರಿಸುತ್ತಿಲ್ಲ" ಅಥವಾ "ಷರತ್ತಿನ ಮೇಲೆ ಕೊಟ್ಟ ಉದ್ಯೋಗದ ಆಫರ್ ಹಿಂಪಡೆದಿದ್ದೇವೆ" ಎಂದಷ್ಟೇ ಇದ್ದರೆ ಅದು ನೇಮಕಾತಿಯ ತೀರ್ಮಾನ, ಕ್ಲಿಯರೆನ್ಸ್ ನಿರಾಕರಣೆಯಲ್ಲ. ಇದಕ್ಕೆ ಸಾಮಾನ್ಯವಾಗಿ ಮೇಲ್ಮನವಿಯ ಹಕ್ಕಿಲ್ಲ. ಮತ್ತೊಮ್ಮೆ ಪರೀಕ್ಷೆ ಮಾಡಿ ಎಂದು ವಿನಯದಿಂದ ಬರೆದು ಕೇಳಬಹುದು, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಬೇಸರದ ಸಂಗತಿಯೇ, ಆದರೆ ಇದರಲ್ಲಿ ಒಂದು ಲಾಭವಿದೆ: ನಿಮ್ಮ ಹೆಸರಿನ ಮುಂದೆ "ನಿರಾಕರಿಸಲಾಗಿದೆ" ಎಂಬ ಮುದ್ರೆ ಬಿದ್ದಿಲ್ಲ.

ಎರಡನೆಯದು ಗುಪ್ತಚರ ಸಂಸ್ಥೆಯೊಂದು ಎಸ್‌ಸಿಐ ಎಂಬ ವಿಶೇಷ ವರ್ಗದ ಮಾಹಿತಿಗೆ ನಿಮಗೆ ಪ್ರವೇಶವಿಲ್ಲ ಎಂದು ಕಾರಣ ಸಮೇತ ತಿಳಿಸುವ ಪತ್ರ. ಪಾಲಿಗ್ರಾಫ್ ಸೋತವರಲ್ಲಿ ಹೆಚ್ಚಿನವರ ಕೈಗೆ ಬರುವುದು ಇದೇ. ಇದರ ವಿಧಾನ ಐಸಿಪಿಜಿ 704.3 ಎಂಬ 2008ರ ಮಾರ್ಗಸೂಚಿಯಲ್ಲಿದೆ: ಮೊದಲು ಮರುಪರಿಶೀಲನೆ, ಅಲ್ಲಿ ಸೋತರೆ ಸಮಿತಿಗೆ ಮೇಲ್ಮನವಿ.

ಮೂರನೆಯದು ರಕ್ಷಣಾ ಇಲಾಖೆಯ ಗುತ್ತಿಗೆ ಕಂಪನಿಗಳ ನೌಕರರಿಗೆ ಬರುವ ಸ್ಟೇಟ್‌ಮೆಂಟ್ ಆಫ್ ರೀಸನ್ಸ್, ಅಂದರೆ ಕಾರಣಗಳ ಪಟ್ಟಿ. ಇದು ಡೋಹಾ ಎಂಬ ಕಚೇರಿಯ ಆಡಳಿತ ನ್ಯಾಯಾಧೀಶರ ಮುಂದೆ ಹೋಗುತ್ತದೆ. (ಕತಾರ್‌ನ ಊರಲ್ಲ, ಡಿಫೆನ್ಸ್ ಆಫೀಸ್ ಆಫ್ ಹಿಯರಿಂಗ್ಸ್ ಅಂಡ್ ಅಪೀಲ್ಸ್.) ಇಲ್ಲಿ ಸಾಕ್ಷಿ ಕರೆಸಬಹುದು, ಪಾಟೀ ಸವಾಲು ಮಾಡಬಹುದು. ಮೂರರಲ್ಲಿ ಹೆಚ್ಚು ಕೋರ್ಟಿನಂತಿರುವುದು ಇದೇ, ಇದರ ತೀರ್ಪುಗಳು ಹೆಸರು ತೆಗೆದು ಸಾರ್ವಜನಿಕವಾಗಿ ಸಿಗುತ್ತವೆ ಕೂಡ. ನಿಮ್ಮದು ಎರಡನೆಯ ಬಗೆಯ ಪತ್ರವಾದರೂ ಇವುಗಳಲ್ಲಿ ಹತ್ತನ್ನು ಓದಿ. ನಿರ್ಣಾಯಕರು ಹೇಗೆ ಯೋಚಿಸುತ್ತಾರೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಹೆಜ್ಜೆ 3: ಗಡುವು

ಪತ್ರ ಕೈಸೇರಿದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆಯಿರಿ. ಡೋಹಾ ದಾರಿಯಲ್ಲಿ ಉತ್ತರಕ್ಕೆ 20 ದಿನ. ನ್ಯಾಯಾಧೀಶರ ತೀರ್ಪು ಬಂದ ಮೇಲೆ ಮೇಲ್ಮನವಿಯ ನೋಟಿಸ್‌ಗೆ 15 ದಿನ, ವಾದಪತ್ರಕ್ಕೆ ತೀರ್ಪಿನ ದಿನದಿಂದ 45 ದಿನ. ಗುಪ್ತಚರ ಸಂಸ್ಥೆಗಳ ಗಡುವು ಅವರವರ ಪತ್ರದಲ್ಲೇ ಇರುತ್ತದೆ, ಅದೇ ಅಂತಿಮ. ಹೆಚ್ಚು ಸಮಯ ಬೇಕಿದ್ದರೆ ಗಡುವು ಮುಗಿಯುವ ಮೊದಲೇ ಬರೆದು ಕೇಳಿ, ಸಿಕ್ಕಿದ ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯಿರಿ. ಫೋನಿನಲ್ಲಿ "ಆಯ್ತು, ಪರವಾಗಿಲ್ಲ" ಅಂದದ್ದಕ್ಕೆ ಬೆಲೆಯಿಲ್ಲ.

ಹೆಜ್ಜೆ 4: ಕಡತ ಕೇಳಿ

ಅಧ್ಯಕ್ಷ ಕ್ಲಿಂಟನ್ 1995ರಲ್ಲಿ ಸಹಿ ಹಾಕಿದ 12968ನೇ ಕಾರ್ಯಾದೇಶದ 5.2ನೇ ವಿಧಿ ಈ ಇಡೀ ಹೋರಾಟದ ಬುನಾದಿ. ರಾಷ್ಟ್ರೀಯ ಭದ್ರತೆಗೆ ಧಕ್ಕೆಯಾಗದಷ್ಟು ವಿವರವಾದ ಲಿಖಿತ ಕಾರಣ, ನಿರ್ಧಾರಕ್ಕೆ ಆಧಾರವಾದ ದಾಖಲೆಗಳು, ಸ್ವಂತ ಖರ್ಚಿನಲ್ಲಿ ವಕೀಲರು, ಲಿಖಿತ ಉತ್ತರ, ಖುದ್ದಾಗಿ ಹಾಜರಾಗಿ ಹೇಳುವ ಅವಕಾಶ, ಕೊನೆಗೆ ಕನಿಷ್ಠ ಮೂವರ ಉನ್ನತ ಸಮಿತಿಗೆ ಮೇಲ್ಮನವಿ. ಆ ಮೂವರಲ್ಲಿ ಇಬ್ಬರು ಭದ್ರತಾ ವಿಭಾಗದ ಹೊರಗಿನವರಾಗಿರಬೇಕು ಎನ್ನುವುದನ್ನು ಗಮನಿಸಿ. ಆ ಸಮಿತಿಯಲ್ಲಿ ನಿಮ್ಮ ಉತ್ತರವನ್ನು ಓದುವವರು ಪಾಲಿಗ್ರಾಫ್ ಪಂಡಿತರಲ್ಲದೆ ಇರಬಹುದು, ಆದ್ದರಿಂದ ಪರಿಭಾಷೆ ಬಿಟ್ಟು ಸರಳವಾಗಿ ಬರೆಯಬೇಕು.

ಕೇಳುವಾಗ "ನನ್ನ ಫೈಲ್ ಕೊಡಿ" ಎಂದು ಒಟ್ಟಾರೆಯಾಗಿ ಕೇಳಬೇಡಿ. ಪಾಲಿಗ್ರಾಫ್ ವರದಿ, ಪರೀಕ್ಷಕರ ಟಿಪ್ಪಣಿ, ಧ್ವನಿ ಅಥವಾ ವಿಡಿಯೊ ಮುದ್ರಣವಿದ್ದರೆ ಅದು, ಭದ್ರತಾ ಸಂದರ್ಶನದ ಸಾರಾಂಶ, ಇಡೀ ತನಿಖಾ ಕಡತ ಎಂದು ಒಂದೊಂದನ್ನೂ ಹೆಸರಿಸಿ ಕೇಳಿ. ಕಾರ್ಯಾದೇಶದ ಜೊತೆಗೆ 1974ರ ಪ್ರೈವಸಿ ಕಾಯ್ದೆಯನ್ನೂ ಉಲ್ಲೇಖಿಸಿ. ಹಿನ್ನೆಲೆ ತನಿಖೆಯನ್ನು ರಕ್ಷಣಾ ಇಲಾಖೆಯ ತನಿಖಾ ಸಂಸ್ಥೆ ಡಿಸಿಎಸ್‌ಎ ಮಾಡಿದ್ದರೆ ಆ ಕಡತಕ್ಕೆ ಅಲ್ಲಿಗೇ ಬೇರೆ ಅರ್ಜಿ ಹಾಕಬೇಕು. ಬಂದ ಪುಟಗಳಲ್ಲಿ ಕಪ್ಪು ಬಳಿದ ಸಾಲುಗಳೇ ಹೆಚ್ಚಿರಬಹುದು. ಆದರೂ ವರದಿಯ ನಾಲ್ಕು ಸಾಲು ಸಿಕ್ಕರೂ ಸಾಕು, ಅವರು ನಿಮ್ಮ ಮಾತನ್ನು ಯಾವ ಪದದಲ್ಲಿ ಬರೆದುಕೊಂಡಿದ್ದಾರೆ ಎಂದು ತಿಳಿಯುತ್ತದೆ.

ವಕೀಲರ ವಿಷಯ ಚುಟುಕಾಗಿ ಹೇಳುವೆ. ವಲಸೆ ವಕೀಲರೋ, ಮನೆ ಕ್ಲೋಸಿಂಗ್ ಮಾಡಿಸಿದ ವಕೀಲರೋ ಇದಕ್ಕೆ ಆಗುವುದಿಲ್ಲ. ಕ್ಲಿಯರೆನ್ಸ್ ಪ್ರಕರಣಗಳನ್ನೇ ನಡೆಸುವವರು ಬೇಕು. ಪೂರ್ತಿ ಪ್ರಕರಣಕ್ಕೆ ಹಣ ಸಾಲದಿದ್ದರೆ ಉತ್ತರವನ್ನು ನೀವೇ ಬರೆದು ಒಂದೆರಡು ಗಂಟೆ ಅವರಿಂದ ಓದಿಸಿ, ತಿದ್ದಿಸಿ. ಕೋಣೆಯಲ್ಲಿ ನೀವು ಒಪ್ಪಿಕೊಂಡ ಮಾತಿನಲ್ಲಿ ಅಪರಾಧದ ವಾಸನೆಯಿದ್ದರೆ ಮಾತ್ರ ಉಳಿತಾಯದ ಯೋಚನೆ ಬೇಡ, ಒಂದಕ್ಷರ ಬರೆಯುವ ಮೊದಲೇ ವಕೀಲರನ್ನು ಹಿಡಿಯಿರಿ.

ಹೆಜ್ಜೆ 5: ಮೂರು ಕಾಲಂ

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಪತ್ರದ ಒಂದೊಂದು ಆರೋಪ, ಅವರದೇ ಪದಗಳಲ್ಲಿ. ಎರಡನೆಯದರಲ್ಲಿ ನೀವು ನಿಜವಾಗಿ ಹೇಳಿದ್ದು. ಮೂರನೆಯದರಲ್ಲಿ ವಾಸ್ತವ ಏನು, ಅದಕ್ಕೆ ಕಾಗದ ಏನಿದೆ. ಹೀಗೆ ಮಾಡಿದರೆ ಪ್ರತಿ ಆರೋಪವೂ ಮೂರರಲ್ಲಿ ಒಂದು ಗುಂಪಿಗೆ ಬೀಳುತ್ತದೆ: ಒಂದು, ಹೇಳಿದ್ದು ಹೌದು, ನಿಜವೂ ಹೌದು; ಎರಡು, ಹೇಳಿದ್ದು ಹೌದು, ಅವರಿಗೆ ಅರ್ಥವಾದದ್ದು ಬೇರೆ; ಮೂರು, ಹೇಳಿಯೇ ಇಲ್ಲ.

ನಮ್ಮವರಿಗೆ ಎರಡನೆಯ ಗುಂಪು ಯಾವಾಗಲೂ ತುಂಬಿರುತ್ತದೆ. ಒಂದು ಕಲ್ಪಿತ ಉದಾಹರಣೆ ನೋಡಿ. ಮೈಸೂರಿನಿಂದ ಬಂದವರೊಬ್ಬರು ಕ್ಲಿಯರೆನ್ಸ್‌ಗಾಗಿ ತುಂಬುವ ಎಸ್‌ಎಫ್-86 ಎಂಬ ಅರ್ಜಿಯಲ್ಲಿ ಒಬ್ಬ ತಮ್ಮನ ಹೆಸರು ಕೊಟ್ಟಿದ್ದಾರೆ. ಪರೀಕ್ಷೆಯ ನಂತರ, ವಿದೇಶಿ ಸರ್ಕಾರದ ಜೊತೆ ಸಂಪರ್ಕವಿರುವ ಯಾರಾದರೂ ನಿಮಗೆ ಗೊತ್ತೇ ಎಂದು ಕೇಳಿದಾಗ, "ನನ್ನ ಬ್ರದರ್ ಬೆಂಗಳೂರಿನಲ್ಲಿ ಎಚ್‌ಎಎಲ್‌ನಲ್ಲಿದ್ದಾರೆ" ಅಂದುಬಿಟ್ಟರು. ಅವರ ಮನಸ್ಸಿನಲ್ಲಿದ್ದದ್ದು ದೊಡ್ಡಪ್ಪನ ಮಗ. ನಮಗೆ ದೊಡ್ಡಪ್ಪನ ಮಗ ಅಣ್ಣನೇ, ಅವನನ್ನು ಬೇರೆ ಪದದಲ್ಲಿ ಕರೆದರೆ ಮನೆಯಲ್ಲಿ ಬೈಗುಳ. ಆದರೆ ವರದಿಯಲ್ಲಿ ಕೂತದ್ದು: "ಭಾರತ ಸರ್ಕಾರದ ವಿಮಾನ ತಯಾರಿಕಾ ಸಂಸ್ಥೆಯಲ್ಲಿರುವ ಸಹೋದರನ ವಿಷಯವನ್ನು ಅರ್ಜಿದಾರ ಮುಚ್ಚಿಟ್ಟಿದ್ದಾರೆ." ಒಂದೇ ಪದದಿಂದ ಎರಡು ಆರೋಪ ಹುಟ್ಟಿತು: ಸೀಡ್ 4ರ ಗೈಡ್‌ಲೈನ್ ಬಿ ಅಡಿ ವಿದೇಶಿ ಪ್ರಭಾವ, ಗೈಡ್‌ಲೈನ್ ಇ ಅಡಿ ಅಪ್ರಾಮಾಣಿಕತೆ. ಎರಡನೆಯದೇ ಹೆಚ್ಚು ಅಪಾಯಕಾರಿ. ವಿದೇಶದಲ್ಲಿ ನೆಂಟರಿರುವುದನ್ನು ಯಾರೂ ತಪ್ಪೆನ್ನುವುದಿಲ್ಲ, ಮುಚ್ಚಿಟ್ಟರೆ ಬಿಡುವುದಿಲ್ಲ.

ಇದಕ್ಕೆ ಉತ್ತರ ಯಂತ್ರದ ಟೀಕೆಯಲ್ಲಿಲ್ಲ, ವಂಶವೃಕ್ಷದಲ್ಲಿದೆ. ಅಪ್ಪ, ದೊಡ್ಡಪ್ಪ, ಅವರ ಮಕ್ಕಳು ಎಂದು ಒಂದು ಪುಟದ ನಕ್ಷೆ. ಕನ್ನಡದಲ್ಲಿ ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳನ್ನೂ ದೊಡ್ಡಮ್ಮ, ಚಿಕ್ಕಮ್ಮನ ಮಕ್ಕಳನ್ನೂ ಒಡಹುಟ್ಟಿದವರ ಪದದಿಂದಲೇ ಕರೆಯುತ್ತಾರೆ ಎಂಬ ಎರಡು ಸಾಲಿನ ವಿವರಣೆ. ಆ ಅಣ್ಣನ ಕೆಲಸ ಏನು, ವರ್ಷಕ್ಕೆ ಎಷ್ಟು ಸಲ ಮಾತಾಡುತ್ತೀರಿ, ಏನು ಮಾತಾಡುತ್ತೀರಿ ಎಂಬುದು. ಜೊತೆಗೆ ಒಂದು ಪ್ರಶ್ನೆಗೆ ಪ್ರಾಮಾಣಿಕ ಉತ್ತರ: ಅರ್ಜಿಯ 18ನೇ ವಿಭಾಗ ಕೇಳುವ ನೆಂಟರ ಪಟ್ಟಿಯಲ್ಲಿ ಇಂಥ ಅಣ್ಣ ಬರುವುದಿಲ್ಲ ನಿಜ, ಆದರೆ ಒಡನಾಟ ಆತ್ಮೀಯವೂ ನಿರಂತರವೂ ಆಗಿದ್ದರೆ 19ನೇ ವಿಭಾಗದಲ್ಲಿ ಬರೆಯಬೇಕಿತ್ತು. ಪ್ರತಿ ಭಾನುವಾರ ವಿಡಿಯೊ ಕಾಲ್ ಮಾಡುವ ಅಣ್ಣನನ್ನು ಬಿಟ್ಟಿದ್ದರೆ "ಬಿಟ್ಟದ್ದು ತಪ್ಪು, ವಿಭಾಗವನ್ನು ತಪ್ಪಾಗಿ ಅರ್ಥ ಮಾಡಿಕೊಂಡೆ" ಎಂದು ಒಪ್ಪಿಕೊಳ್ಳಿ.

ಇನ್ನೊಂದು: ಕಾಲೇಜು ದಿನಗಳಲ್ಲಿ ಕಾಶಿಗೆ ಹೋದಾಗ ಕುಡಿದ ಒಂದು ಲೋಟ ಭಾಂಗ್. ಪರೀಕ್ಷಕರ ಒತ್ತಾಯಕ್ಕೆ ಅದು ಹೊರಬಂದು, ವರದಿಯಲ್ಲಿ "ಗಾಂಜಾ ಸೇವನೆಯನ್ನು ಅರ್ಜಿಯಲ್ಲಿ ಮರೆಮಾಚಿದ್ದಾರೆ" ಎಂದಾಗುತ್ತದೆ. ಎಸ್‌ಎಫ್-86ರ 23ನೇ ವಿಭಾಗ ಕೇಳುವುದು ಕಳೆದ ಏಳು ವರ್ಷಗಳಲ್ಲಿ ಕಾನೂನುಬಾಹಿರವಾಗಿ ಮಾದಕ ವಸ್ತು ಬಳಸಿದ್ದೀರಾ ಎಂದು. ಕ್ಲಿಯರೆನ್ಸ್ ಇದ್ದಾಗಿನ, ಇಲ್ಲವೇ ಪೊಲೀಸ್, ಕೋರ್ಟಿನಂಥ ಕೆಲಸದಲ್ಲಿದ್ದಾಗಿನ ಬಳಕೆಗೆ ಮಾತ್ರ ಕಾಲಮಿತಿಯಿಲ್ಲ. ಹದಿನೈದು ವರ್ಷದ ಹಿಂದಿನದನ್ನು ಬರೆಯಬೇಕಿರಲೇ ಇಲ್ಲ. ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆಯ ಗಾಂಜಾ ವ್ಯಾಖ್ಯೆಯಲ್ಲಿ ಗಿಡದ ಬರೀ ಎಲೆ ಬರುವುದಿಲ್ಲ, ವಾರಾಣಸಿಯಲ್ಲಿ ಭಾಂಗ್ ಲೈಸೆನ್ಸ್ ಅಂಗಡಿಯಲ್ಲೇ ಸಿಗುತ್ತದೆ. ಪ್ರಶ್ನೆಯ ಪದಗಳನ್ನೇ ಉಲ್ಲೇಖಿಸಿ ಇಷ್ಟು ಹೇಳಿದರೆ "ಮರೆಮಾಚಿದ್ದಾರೆ" ಎಂಬುದು ನಿಲ್ಲುವುದಿಲ್ಲ. ಆದರೆ ಮೂರು ವರ್ಷದ ಹಿಂದೆ ಕೊಲೊರಾಡೊದಲ್ಲಿ ಗಾಂಜಾ ಸೇದಿದ್ದರೆ ಈ ವಾದ ನಡೆಯದು. ರಾಜ್ಯ ಬಿಟ್ಟರೂ ಕೇಂದ್ರದ ಕಾನೂನು ಬಿಟ್ಟಿಲ್ಲ.

ಹೆಜ್ಜೆ 6: ಉತ್ತರ ಬರೆಯುವುದು

ಸೀಡ್ 4ರಲ್ಲಿ ಎ ಇಂದ ಎಂ ವರೆಗೆ 13 ಗೈಡ್‌ಲೈನ್‌ಗಳಿವೆ. ಪ್ರತಿಯೊಂದರ ಕೆಳಗೂ ಕಳವಳದ ಅಂಶಗಳು ಮತ್ತು ಆ ಕಳವಳವನ್ನು ಕಡಿಮೆ ಮಾಡುವ ಅಂಶಗಳ ಪಟ್ಟಿ ಇದೆ. ನಿಮ್ಮ ಉತ್ತರದ ಬೆನ್ನೆಲುಬು ಆ ಎರಡನೆಯ ಪಟ್ಟಿ. ಆರೋಪದ ಸಂಖ್ಯೆ, ಒಪ್ಪುತ್ತೇನೆ ಅಥವಾ ಒಪ್ಪುವುದಿಲ್ಲ, ವಾಸ್ತವ, ಯಾವ ತಗ್ಗಿಸುವ ಅಂಶ ಅನ್ವಯಿಸುತ್ತದೆ, ಯಾವ ಲಗತ್ತು. ಪ್ರತಿ ಆರೋಪಕ್ಕೂ ಇದೇ ಕ್ರಮ.

ಹೇಗೆ ಬರೆಯಬಾರದು: "ನಾನು ಅತ್ಯಂತ ಪ್ರಾಮಾಣಿಕ ವ್ಯಕ್ತಿ. ಪಾಲಿಗ್ರಾಫ್ ಅವೈಜ್ಞಾನಿಕ. ಪರೀಕ್ಷಕರು ನನ್ನನ್ನು ಬೆದರಿಸಿದರು."

ಹೇಗೆ ಬರೆಯಬಹುದು: "ಆರೋಪ 1(ಎ)ಯನ್ನು ಭಾಗಶಃ ಒಪ್ಪುತ್ತೇನೆ. ಎಚ್‌ಎಎಲ್‌ನಲ್ಲಿ ಕೆಲಸ ಮಾಡುವವರು ನನ್ನ ತಂದೆಯ ಅಣ್ಣನ ಮಗ. ನಾನು ಅವರನ್ನು 'ಬ್ರದರ್' ಎಂದೆ. ಲಗತ್ತು 3ರಲ್ಲಿ ವಂಶವೃಕ್ಷವಿದೆ. ವರ್ಷಕ್ಕೊಮ್ಮೆ ಯುಗಾದಿಗೆ ಫೋನ್ ಮಾಡುತ್ತೇನೆ. ನನ್ನ ಕೆಲಸದ ವಿವರ ಅವರಿಗೆ ಗೊತ್ತಿಲ್ಲ."

ಲಗತ್ತುಗಳೇ ಪ್ರಕರಣ ಗೆಲ್ಲಿಸುವುದು. ಮೇಲಧಿಕಾರಿಗಳ ಮೌಲ್ಯಮಾಪನ ವರದಿ, ಸಾಲ ತೀರಿಸಿದ ದಾಖಲೆ, ಊರಿನ ಸೈಟು ಜಂಟಿ ಹೆಸರಿನಲ್ಲಿದ್ದರೆ ಅದರ ಕ್ರಯಪತ್ರದ ಇಂಗ್ಲಿಷ್ ಅನುವಾದ, ಅಮ್ಮನಿಗೆ ಕಳಿಸುವ ಹಣದ ಬ್ಯಾಂಕ್ ವಿವರ, ಅಗತ್ಯವಿದ್ದರೆ ವೈದ್ಯರ ಪತ್ರ. ಪರಿಚಯದವರ ಪ್ರಮಾಣಪತ್ರ ಕೊಡುವುದಾದರೆ, ಅವರಿಗೆ ಆರೋಪ ಏನೆಂದು ತಿಳಿದಿರಬೇಕು. "ಇವರು ಒಳ್ಳೆಯವರು, ಗಣೇಶ ಹಬ್ಬಕ್ಕೆ ಸ್ವಯಂಸೇವೆ ಮಾಡುತ್ತಾರೆ" ಎಂಬ ಹತ್ತು ಪತ್ರಗಳಿಗಿಂತ, "ಆರೋಪ ಓದಿದ್ದೇನೆ, ಆರು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೇನೆ, ಹೀಗಾಗಿ ನಂಬುತ್ತೇನೆ" ಎಂಬ ಒಂದು ಪತ್ರ ತೂಕದ್ದು.

ಹೇಳಿದ್ದು ನಿಜವಾಗಿದ್ದರೆ ಅದನ್ನು ಹಿಂತೆಗೆದುಕೊಳ್ಳುವ ಯೋಚನೆಯನ್ನೇ ಬಿಡಿ. ಪರೀಕ್ಷೆಯ ಕೋಣೆಯಲ್ಲಿ ಒಪ್ಪಿ, ಮೇಲ್ಮನವಿಯಲ್ಲಿ ಇಲ್ಲವೆಂದರೆ, ಯಾವುದೋ ಒಂದು ಸುಳ್ಳು ಎಂದು ನೀವೇ ಸಾಬೀತು ಮಾಡಿದಂತೆ. ಸರ್ಕಾರಕ್ಕೆ ಗೊತ್ತಿದ್ದೂ ಸುಳ್ಳು ಹೇಳುವುದು ಐದು ವರ್ಷದವರೆಗೆ ಜೈಲು ಸಿಗಬಹುದಾದ ಅಪರಾಧ. ನಿಜವನ್ನು ಒಪ್ಪಿ, ಎಷ್ಟು ಹಳೆಯದು, ಎಷ್ಟು ಸಲ, ಆಗ ವಯಸ್ಸೆಷ್ಟು, ಈಗ ಏನು ಬದಲಾಗಿದೆ ಎಂದು ಹೇಳಿ. ಇಡೀ ವ್ಯಕ್ತಿಯನ್ನು ನೋಡಿ ತೀರ್ಮಾನಿಸಬೇಕು ಎಂದು ಸೀಡ್ 4 ಹೇಳುವಾಗ ಎಣಿಸುವ ಅಂಶಗಳೂ ಇವೇ.

ಯಂತ್ರದ ಬಗ್ಗೆ ಒಂದೇ ಒಂದು ಪ್ಯಾರಾ ಬರೆಯುವುದಕ್ಕೆ ಅಡ್ಡಿಯಿಲ್ಲ, ಅದೂ ಪತ್ರದಲ್ಲಿ ನೀವು ಒಪ್ಪಿಕೊಂಡ ಮಾತು ಯಾವುದೂ ಇಲ್ಲದೆ ಬರೀ ಫಲಿತಾಂಶವೇ ಆಧಾರವಾಗಿದ್ದರೆ. ಆಗ ಸೀಡ್ 4ರ ಆ ವಾಕ್ಯವನ್ನು ಉದ್ಧರಿಸಿ, ಬೇರೆ ಮಾಹಿತಿ ಯಾವುದೆಂದು ತೋರಿಸಿ ಎಂದು ಕೇಳಿ. ಖಾಸಗಿ ಪರೀಕ್ಷಕರ ಬಳಿ ದುಡ್ಡು ಕೊಟ್ಟು ಇನ್ನೊಂದು ಪಾಲಿಗ್ರಾಫ್ ಪಾಸಾಗಿ ಅದನ್ನು ಲಗತ್ತಿಸುವವರಿದ್ದಾರೆ. ಯಂತ್ರ ನಂಬಲರ್ಹವಲ್ಲ ಎನ್ನುತ್ತಲೇ ಅದೇ ಯಂತ್ರದ ಸರ್ಟಿಫಿಕೇಟ್ ತೋರಿಸಿದ ಹಾಗೆ. ಆ ಹಣ ವಕೀಲರಿಗೆ ಕೊಡಿ. ಮರುಪರೀಕ್ಷೆ ಸಿಕ್ಕರೆ ಉಸಿರು ಹಿಡಿಯುವ, ನಾಲಿಗೆ ಕಚ್ಚುವ ಉಪಾಯಗಳ ಹತ್ತಿರವೂ ಹೋಗಬೇಡಿ. ಅವನ್ನು ಹೇಳಿಕೊಡುತ್ತಿದ್ದ ಒಕ್ಲಹಾಮದ ಮಾಜಿ ಪೊಲೀಸನಿಗೇ 2015ರಲ್ಲಿ ಎರಡು ವರ್ಷ ಜೈಲಾಯಿತು.

ಹೆಜ್ಜೆ 7: ಎದುರು ಕೂರುವುದು

ಖುದ್ದು ಹಾಜರಾಗುವ ಅವಕಾಶ ಇದ್ದರೆ ಬಿಡಬೇಡಿ. ಬರೆದ ಉತ್ತರವನ್ನೇ ಓದಿ ಹೇಳುವುದಕ್ಕಲ್ಲ, ಪ್ರಶ್ನೆಗೆ ನೇರವಾಗಿ ಉತ್ತರಿಸುವ ಮನುಷ್ಯ ಎಂದು ತೋರಿಸುವುದಕ್ಕೆ. ಮನೆಯಲ್ಲಿ ಯಾರಾದರೂ ಕಠಿಣವಾಗಿ ಪ್ರಶ್ನೆ ಕೇಳಲಿ, ಇಂಗ್ಲಿಷಿನಲ್ಲಿ, ಎರಡು ಮೂರು ಸಲ. ನಮಗೆ ಒಂದು ಚಾಳಿಯಿದೆ: "ಹೌದು" ಅನ್ನುವ ಮೊದಲು ಪೂರ್ವಪೀಠಿಕೆ ಹಾಕುವುದು. ಅಲ್ಲಿ ಅದು ನುಣುಚಿಕೊಂಡಂತೆ ಕಾಣುತ್ತದೆ. ಮೊದಲು ಹೌದು ಅಥವಾ ಇಲ್ಲ, ಆಮೇಲೆ ವಿವರಣೆ. ತಲೆ ಅಡ್ಡಡ್ಡ ಆಡಿಸಿ ಹೌದು ಅನ್ನುವ ಅಭ್ಯಾಸವನ್ನೂ ಒಂದು ದಿನದ ಮಟ್ಟಿಗೆ ಕಟ್ಟಿಡಿ.

ಹೆಜ್ಜೆ 8: ಕೊನೆಯ ಉತ್ತರ "ಇಲ್ಲ" ಎಂದಾದರೆ

ಕೋರ್ಟಿಗೆ ಹೋಗುವ ಆಸೆಗೆ ಅಮೆರಿಕದ ಸುಪ್ರೀಂ ಕೋರ್ಟಿನ 1988ರ ನೌಕಾಪಡೆ ವಿರುದ್ಧ ಈಗನ್ ತೀರ್ಪು ಬಾಗಿಲು ಹಾಕಿದೆ: ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ, ಕೊಡಬೇಕೋ ಬೇಡವೋ ಎನ್ನುವುದನ್ನು ಹೊರಗಿನವರು ತೂಗುವಂತಿಲ್ಲ. ಸಂಸ್ಥೆ ತನ್ನದೇ ವಿಧಾನ ಪಾಲಿಸಿಲ್ಲ ಅಥವಾ ಸಂವಿಧಾನದತ್ತ ಹಕ್ಕಿಗೆ ಧಕ್ಕೆಯಾಗಿದೆ ಎಂಬ ಕಿರಿದಾದ ದಾರಿ ಮಾತ್ರ ಉಳಿದಿದೆ, ಅದು ವಕೀಲರೊಬ್ಬರೇ ಹೇಳಬೇಕಾದ ಮಾತು. ಕ್ಲಿಯರೆನ್ಸ್ ತೀರ್ಮಾನದಲ್ಲಿ ಮೂಲದೇಶದ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎಂದು 12968ನೇ ಆದೇಶ ಹೇಳುತ್ತದೆ ನಿಜ, ಆದರೆ ಊರಲ್ಲಿ ನೆಂಟರಿದ್ದಾರೆ ಎಂದು ಕೇಳಿದ ಪ್ರಶ್ನೆಯೇ ತಾರತಮ್ಯವಲ್ಲ.

ಮತ್ತೆ ಅರ್ಜಿ ಹಾಕಲು ಸಾಮಾನ್ಯವಾಗಿ ಒಂದು ವರ್ಷ ಕಾಯಬೇಕು. ಆ ವರ್ಷದಲ್ಲಿ ಪತ್ರ ಎತ್ತಿದ ಕಳವಳ ಯಾವುದೋ ಅದರ ಮೇಲೆ ಕೆಲಸ ಮಾಡಿ: ಸಾಲವಾದರೆ ತೀರಿಸಿ, ಪಟ್ಟಿಯಲ್ಲಿ ಬಿಟ್ಟ ನೆಂಟರಾದರೆ ಈಗಲೇ ಪೂರ್ತಿ ಪಟ್ಟಿ ಬರೆದಿಡಿ. ಪಾಲಿಗ್ರಾಫ್ ಕೇಳದ ಸೀಕ್ರೆಟ್ ಮಟ್ಟದ ಕೆಲಸಗಳೂ ಇವೆ, ಆದರೆ ಒಂದು ಸಂಸ್ಥೆಯ ನಿರಾಕರಣೆ ಇನ್ನೊಂದಕ್ಕೆ ಕಾಣುತ್ತದೆ. ಎಸ್‌ಎಫ್-86ರ 25ನೇ ವಿಭಾಗ ಹಿಂದೆ ಕ್ಲಿಯರೆನ್ಸ್ ನಿರಾಕರಿಸಲಾಗಿತ್ತೇ ಎಂದು ಕೇಳುತ್ತದೆ. ಹೌದು ಎಂದೇ ಬರೆಯಿರಿ, ಸಂಸ್ಥೆ, ತಿಂಗಳು, ವರ್ಷ ಸಮೇತ. ಅದಕ್ಕಾಗಿ ಆ ಲಕೋಟೆಯನ್ನು ಪಾಸ್‌ಪೋರ್ಟ್ ಇಡುವ ಜಾಗದಲ್ಲೇ ಇಟ್ಟುಕೊಳ್ಳಿ.